ಹಲ್ಲಿನ ಬಟ್ಟಲಲ್ಲಿ ಪ್ಲಮ್ ಹೂವು

ನಾನು ಹಲ್ಲಿನ ಡಾಕ್ಟರು. ಮಹದೇವಪುರದ ರಿಂಗ್ ರಸ್ತೆಯ ಪಕ್ಕ, ಕೆಳಗೆ ಮೊಬೈಲ್ ರಿಪೇರಿ ಅಂಗಡಿ, ಮೇಲೆ ಜಿಮ್ ಇರುವ ಕಟ್ಟಡದ ನಡುವಿನ ಅಂತಸ್ತಿನಲ್ಲಿ ನನ್ನ ಕ್ಲಿನಿಕ್ಕು. ಜಿಮ್ಮಿನವರು ಕಬ್ಬಿಣದ ತೂಕವನ್ನು ನೆಲಕ್ಕೆ ಬಿಟ್ಟಾಗಲೆಲ್ಲ ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರು ಬೆಚ್ಚಿಬೀಳುತ್ತಾರೆ. ಅದು ನನ್ನ ಯಂತ್ರದ ಸದ್ದಲ್ಲ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕು. ಮ್ಯಾನೇಜರುಗಳ ಮೇಲಿನ ಸಿಟ್ಟಿಗೆ ನಿದ್ದೆಯಲ್ಲಿ ಹಲ್ಲು ಕಡಿದು ಸವೆಸಿಕೊಂಡ ಸಾಫ್ಟ್‌ವೇರ್ ಮಂದಿಯೇ ನನ್ನ ಮುಖ್ಯ ಗಿರಾಕಿಗಳು. ಅವರ ಸವೆದ ಹಲ್ಲಿಗೆ ಪಿಂಗಾಣಿಯ ಟೋಪಿ ಕೂರಿಸುವುದು ನನ್ನ ಹೊಟ್ಟೆಪಾಡು. ಆ ಪಿಂಗಾಣಿಯೇ ನನ್ನನ್ನು ಹಾಳು ಮಾಡಿತು.

ಹತ್ತು ವರ್ಷಗಳ ಹಿಂದೆ ಗಂಡನ ಕಂಪನಿ ಅವರನ್ನು ಚೀನಾಕ್ಕೆ ಕಳಿಸಿತು. ನಾನೂ ಜೊತೆಗೆ ಹೊರಟೆ. ಅವರು ಮೀಟಿಂಗಿನಲ್ಲಿದ್ದಾಗ ನಾನು ಊರು ಸುತ್ತುತ್ತಾ ಹಳೆಯ ಸಾಮಾನು ಮಾರುವ ಬೀದಿಯೊಂದನ್ನು ಹೊಕ್ಕೆ. ಅಲ್ಲೊಂದು ಪುಟ್ಟ ತಟ್ಟೆ. ಎಲೆಯಿಲ್ಲದ ಒಂದು ಸೊಟ್ಟ ಕೊಂಬೆ, ಅದರ ಮೇಲೆ ನೀಲಿಯಲ್ಲಿ ಬರೆದ ಐದೆಸಳಿನ ಹೂಗಳು. ಹೂವಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹಿಂದಿನ ಬಿಳುಪು. ನಮ್ಮ ವೃತ್ತಿಯಲ್ಲಿ ಹಲ್ಲಿನ ಬಣ್ಣ ಹೊಂದಿಸಲು ಬಿಳುಪಿನ ಮಾದರಿಗಳ ಒಂದು ಪಟ್ಟಿ ಇರುತ್ತದೆ. ಹದಿನಾಲ್ಕು ವರ್ಷ ಅದನ್ನೇ ನೋಡಿ ನೋಡಿ ಜಗತ್ತಿನ ಬಿಳುಪೆಲ್ಲ ಅಷ್ಟೇ ಎಂದುಕೊಂಡಿದ್ದೆ. ಈ ತಟ್ಟೆಯ ಬಿಳುಪು ಆ ಪಟ್ಟಿಯಲ್ಲಿ ಇರಲಿಲ್ಲ. ಅಂಗಡಿಯವನು ಎರಡೂ ಕೈ ಅಗಲಿಸಿ, ಇದು ಬಹಳ ಬಹಳ ಹಳೆಯದು ಎಂಬಂತೆ ಸನ್ನೆ ಮಾಡಿದ. ಕೊಂಡೆ. ಆ ತಟ್ಟೆ ನನಗಿಂತ ವಯಸ್ಸಿನಲ್ಲಿ ಚಿಕ್ಕದು ಎಂದು ಆಮೇಲೆ ಗೊತ್ತಾಯಿತು, ಆದರೆ ಅಷ್ಟು ಹೊತ್ತಿಗೆ ರೋಗ ಅಂಟಿಯಾಗಿತ್ತು.

ಆ ಹೂವಿನ ಬಗ್ಗೆ ಓದಲು ಶುರು ಮಾಡಿದೆ. ಪ್ಲಮ್ ಮರ ಚಳಿಗಾಲದ ಕೊನೆಯಲ್ಲಿ, ಹಿಮ ಬೀಳುತ್ತಿರುವಾಗಲೇ, ಎಲೆ ಚಿಗುರುವುದಕ್ಕೂ ಮುಂಚೆ ಬರಿಯ ಕೊಂಬೆಯಲ್ಲಿ ಹೂ ಬಿಡುತ್ತದಂತೆ. ಅದಕ್ಕೇ ಅಲ್ಲಿಯ ಪಂಡಿತರಿಗೆ ಅದು ಕಷ್ಟದಲ್ಲೂ ಬಗ್ಗದ ಸ್ವಭಾವದ ಗುರುತಂತೆ. ನಾನು ಹುಟ್ಟಿದ್ದು ದಾವಣಗೆರೆಯಲ್ಲಿ. ಹಿಮ ಎಂದರೆ ನನಗೆ ಫ್ರಿಜ್ಜಿನ ಮೇಲಿನ ಖಾನೆ, ಪ್ಲಮ್ ಎಂದರೆ ಕ್ರಿಸ್‌ಮಸ್ಸಿನ ಕೇಕು. ಆದರೂ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಕೂತು, ಕೆಳಗೆ ನೀರಿನ ಟ್ಯಾಂಕರು ರಿವರ್ಸ್ ತೆಗೆದುಕೊಳ್ಳುವ ಸಂಗೀತ ಕೇಳುತ್ತಾ, ಹಿಮದಲ್ಲಿ ಅರಳುವ ಹೂವಿನ ಸ್ಥೈರ್ಯವನ್ನು ನೆನೆದು ನಾನು ಕಣ್ಣು ಒದ್ದೆ ಮಾಡಿಕೊಂಡದ್ದುಂಟು.

ಮನೆಗೆ ಒಂದೊಂದಾಗಿ ಬಂದವು. ಪ್ಲಮ್ ಹೂವಿನ ಬಟ್ಟಲು, ಪ್ಲಮ್ ಹೂವಿನ ಕುಂಚದಾನಿ, ಪ್ಲಮ್ ಹೂ ಕೆತ್ತಿದ ಅರಗಿನ ಡಬ್ಬಿ, ಹಿಂದೆ ಶುಂಠಿ ತುಂಬಿಡುತ್ತಿದ್ದ, ಈಗ ಮುಚ್ಚಳ ಕಳೆದುಕೊಂಡ ಜಾಡಿ. ಗಂಡ ಒಳ್ಳೆಯ ಮನುಷ್ಯರು. ಜಗಳ ತೆಗೆಯಲಿಲ್ಲ. ಪಾರ್ಸೆಲ್ ಬಂದಾಗಲೆಲ್ಲ ನಮ್ಮೂರ ಮಾತಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಮತ್ತೊಂದು ಭರಣಿ ಬಂತೇನು? ಹಂಗಾರ ಈ ಸಲ ಉಪ್ಪಿನಕಾಯಿ ಜಾಸ್ತಿ ಹಾಕೂಣು ಬಿಡು.”

ಹುಚ್ಚಿದ್ದವರು ಹುಚ್ಚಿದ್ದವರನ್ನು ಹುಡುಕಿಕೊಳ್ಳುತ್ತಾರೆ. ಹಳೆಯ ಚೀನೀ ವಸ್ತುಗಳನ್ನು ಸಂಗ್ರಹಿಸುವವರ ಒಂದು ವಾಟ್ಸಾಪ್ ಗುಂಪು ನನ್ನನ್ನು ಸೇರಿಸಿಕೊಂಡಿತು. ತಿಂಗಳಿಗೊಮ್ಮೆ ವೈಟ್‌ಫೀಲ್ಡಿನ ಒಂದು ವಿಲ್ಲಾದಲ್ಲಿ ಸೇರುತ್ತಿದ್ದೆವು. ವಿಲ್ಲಾದ ಯಜಮಾನರು ಯಾವುದೋ ದೊಡ್ಡ ಕಂಪನಿಯ ಮುಖ್ಯಸ್ಥರಾಗಿದ್ದು ನಿವೃತ್ತರಾದವರು, ಒಪ್ಪವಾಗಿ ಕತ್ತರಿಸಿದ ಬಿಳಿ ಗಡ್ಡ. ಗುಂಪಿನಲ್ಲಿ ಅವರದೇ ಕೊನೆಯ ಮಾತು. ಯಾರಾದರೂ ಹೊಸದಾಗಿ ಕೊಂಡದ್ದನ್ನು ಮೇಜಿನ ಮೇಲಿಟ್ಟರೆ ಅವರು ಎರಡೂ ಕೈಯಲ್ಲಿ ಎತ್ತಿ, ತಿರುವಿ, ತಳ ನೋಡಿ, ಒಂದು ಕ್ಷಣ ಕಣ್ಣು ಮುಚ್ಚಿ, “ಇಂಟರೆಸ್ಟಿಂಗ್” ಎನ್ನುತ್ತಿದ್ದರು. ಹಾಗೆಂದರೆ ನಕಲಿ. ಅಸಲಿಯಾಗಿದ್ದರೆ ಏನೆನ್ನುತ್ತಾರೋ ನಮಗೆ ಗೊತ್ತಿರಲಿಲ್ಲ, ಏಕೆಂದರೆ ಅವರ ವಸ್ತುಗಳನ್ನು ಬಿಟ್ಟು ಬೇರೆ ಯಾರದೂ ಅಲ್ಲಿಯವರೆಗೆ ಅಸಲಿ ಆಗಿರಲಿಲ್ಲ.

ನಾನು ಬೀಗುತ್ತಾ ಒಯ್ದ ಎತ್ತರದ ಹೂದಾನಿಯೂ ಇಂಟರೆಸ್ಟಿಂಗೇ ಆಯಿತು. ದೊಡ್ಡ ಹೋಟೆಲೊಂದರ ಪ್ರದರ್ಶನದಲ್ಲಿ, ಟೈ ಕಟ್ಟಿದವನಿಂದ ಕೊಂಡದ್ದು ಅದು. ಮನೆಗೆ ತಂದು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂತು ನೋಡಿದರೆ ಪ್ರತಿ ಹೂವಿಗೂ ಆರೆಸಳು. ಎಲ್ಲಿಯೋ ಕಾರ್ಖಾನೆಯಲ್ಲಿ ಯಾರೋ ಧಾರಾಳ ಮನಸ್ಸಿನವರು ಒಂದೆಸಳು ಹೆಚ್ಚಿಗೆ ಕೊಟ್ಟಿದ್ದರು. ಅದರಲ್ಲೀಗ ನಮ್ಮ ಮನೆಯ ಛತ್ರಿಗಳಿವೆ.

ಹೀಗಿರುವಾಗ ಒಂದು ಬೆಳಗ್ಗೆ ದೊಡ್ಡನೆಕ್ಕುಂದಿಯಿಂದ ಒಬ್ಬ ಅಜ್ಜಿ ಬಂದರು. ಕರೆತಂದವರು ಮಗ. ಊರಿನ ಹಳೆಯ ಮನೆತನ, ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೀಗ ನಾಲ್ಕು ಪಿಜಿ ಕಟ್ಟಡ ಎಬ್ಬಿಸಿದ್ದವರು. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಅವರ ಬಾಡಿಗೆದಾರರೇ. ಅಜ್ಜಿಗೆ ಎಂಬತ್ತರ ಮೇಲಾಗಿತ್ತು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ನಾಲಗೆ ಮಾತ್ರ ಚೆನ್ನಾಗಿತ್ತು. ಇಷ್ಟು ವರ್ಷ ಮುದ್ದೆ ನುಂಗಿಕೊಂಡು ಹಾಯಾಗಿದ್ದವರಿಗೆ ಮೊಮ್ಮಗನ ಮದುವೆಯ ಫೋಟೋಗಾಗಿ ಹಲ್ಲು ಕಟ್ಟಿಸಬೇಕೆಂದು ಮಗನಿಗೆ ಅನಿಸಿತ್ತು. ಅಳತೆ ತೆಗೆದು ಸೆಟ್ಟು ಮಾಡಿಕೊಟ್ಟೆ. ಮಲಗುವಾಗ ತೆಗೆದು ಒಂದು ಬಟ್ಟಲು ನೀರಿನಲ್ಲಿ ಹಾಕಿಡಿ, ಒಣಗಿದರೆ ಆಕಾರ ಕೆಡುತ್ತದೆ ಎಂದು ಎಲ್ಲರಿಗೂ ಹೇಳುವಂತೆ ಹೇಳಿದೆ.

ಮುಂದಿನ ವಾರ ಒಸಡು ಒತ್ತುತ್ತದೆ ಎಂದು ಮತ್ತೆ ಬಂದರು. ಹೊಸ ಸೆಟ್ಟಿಗೆ ಅದು ಸಹಜ, ಸ್ವಲ್ಪ ಉಜ್ಜಿ ಕೊಟ್ಟರಾಯಿತು. ಹಲ್ಲು ಎಲ್ಲಿ ಎಂದೆ. ಅಜ್ಜಿ ಬಟ್ಟೆಯ ಚೀಲಕ್ಕೆ ಕೈ ಹಾಕಿ, ಹಳೆಯ ಟವೆಲಿನಲ್ಲಿ ಸುತ್ತಿದ್ದ ಒಂದು ಮುಚ್ಚಳದ ಬಟ್ಟಲು ತೆಗೆದು ನನ್ನ ಸ್ಟೀಲಿನ ಟ್ರೇ ಮೇಲಿಟ್ಟರು.

ಒಡೆದ ಮಂಜುಗಡ್ಡೆಯ ಹಾಗೆ ಗೆರೆಗೆರೆಯಾಗಿ ಬಿರಿದಂತೆ ಬರೆದ ಗಾಢ ನೀಲಿ. ಆ ನೀಲಿಯ ಮೇಲೆ ಬಿಳಿಯ ಪ್ಲಮ್ ಹೂಗಳು, ಕೆಲವು ಪೂರ್ತಿ ಅರಳಿದವು, ಕೆಲವು ಮೊಗ್ಗು. ಎಣಿಸಿದೆ. ಐದೆಸಳು. ಮುಚ್ಚಳ ತೆಗೆದೆ. ಒಳಗೆ ನೀರು, ನೀರಿನಲ್ಲಿ ನಾನೇ ಮಾಡಿದ ಹಲ್ಲಿನ ಸೆಟ್ಟು, ಅದರ ಕೆಳಗೆ ತಳದಲ್ಲಿ ನೀಲಿಯಲ್ಲಿ ಬರೆದ ಒಂದು ಸಣ್ಣ ಕೊಂಬೆ. ಹಲ್ಲುಗಳು ಆ ಕೊಂಬೆಯನ್ನು ಕಚ್ಚಿಹಿಡಿದಂತೆ ಕಾಣುತ್ತಿದ್ದವು. ನಾನು ಎಷ್ಟು ಹೊತ್ತು ನೋಡುತ್ತಾ ನಿಂತೆನೋ, ನರ್ಸು ಹೆದರಿ, ಸೆಟ್ಟು ಒಡೆದಿದೆಯಾ ಮೇಡಂ ಎಂದು ಕೇಳಿದಳು.

ಬಟ್ಟಲು ಎಲ್ಲಿಯದು ಎಂದು ಆದಷ್ಟು ಉದಾಸೀನದ ದನಿಯಲ್ಲಿ ಕೇಳಿದೆ. ಅಜ್ಜಿಯ ಅತ್ತೆ ವೈಟ್‌ಫೀಲ್ಡಿನ ಒಬ್ಬ ದೊರೆಸಾನಿಯ ಬಂಗಲೆಗೆ ಹಾಲು ಹಾಕುತ್ತಿದ್ದರಂತೆ. ದೊರೆಸಾನಿ ಎಲ್ಲ ಮಾರಿ ತಮ್ಮ ದೇಶಕ್ಕೆ ಹೊರಟಾಗ ಮಿಕ್ಕ ಸಾಮಾನನ್ನು ಊರವರಿಗೆ ಹಂಚಿದರಂತೆ. ಇವರ ಪಾಲಿಗೆ ಬಂದದ್ದು ಇದು. ಮೊದಲು ಉಪ್ಪು ಹಾಕಿದ್ದರು. ಆಮೇಲೆ ಬಿತ್ತನೆಯ ಬೀಜ. ಆಮೇಲೆ ಬಹಳ ಕಾಲ ಕೋಳಿಮರಿಗಳಿಗೆ ನೀರಿಡಲು. ಒಂದೊಂದು ಹೇಳಿದಾಗಲೂ ನನ್ನ ಎದೆ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ಸೆಟ್ಟು ತೆಗೆದಿಟ್ಟು, ನೀರು ಚೆಲ್ಲಿ, ತಿರುಗಿಸಿ ತಳ ನೋಡಿದೆ. ಎರಡು ನೀಲಿ ಉಂಗುರ, ನಡುವೆ ನಾಲ್ಕು ಚೀನೀ ಅಕ್ಷರ. ಇದು ಅಸಲಿ, ನೂರಕ್ಕೂ ಮೀರಿದ ವಯಸ್ಸು ಎಂದು ನನ್ನ ಕೈಗಳಿಗೆ ಗೊತ್ತಾಗಿಹೋಯಿತು. ಮುಚ್ಚಳದ ಅಂಚಿನಲ್ಲಿ ಒಂದು ಚೂರು ಹಾರಿತ್ತು. ಕೋಳಿ ಕುಕ್ಕಿದ್ದಿರಬಹುದು.

ಅಲ್ಲಿಂದ ಮುಂದೆ ನಾನು ಅಜ್ಜಿಯ ಒಸಡನ್ನು ನೋಡಿಕೊಂಡಷ್ಟು ಮುತುವರ್ಜಿಯಿಂದ ಯಾರ ಒಸಡನ್ನೂ ನೋಡಿಕೊಂಡಿಲ್ಲ. ವಾರವಾರವೂ ಬರಹೇಳಿದೆ. ಬಂದಾಗ ಅರ್ಧ ಹೊತ್ತು ಹಲ್ಲು, ಅರ್ಧ ಹೊತ್ತು ಬಟ್ಟಲು. ಒಂದು ದಿನ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಡಬ್ಬಿಯನ್ನು ಉಚಿತವಾಗಿ ಕೊಟ್ಟು, ಹಲ್ಲಿಗೆ ಇದೇ ಶುಚಿ ಎಂದೆ. ಅಜ್ಜಿ ಮೂಸಿ ನೋಡಿ ಹಿಂದಕ್ಕೆ ಕೊಟ್ಟರು. ಇನ್ನೊಂದು ದಿನ, ಪಿಂಗಾಣಿ ಕೈಜಾರಿದರೆ ಒಡೆಯುತ್ತದೆ, ನಾನು ಬೆಳ್ಳಿಯ ಬಟ್ಟಲು ಕೊಡುತ್ತೇನೆ ಎಂದೆ. ಹಲ್ಲಿನ ಡಾಕ್ಟರು ರೋಗಿಗೆ ಬೆಳ್ಳಿ ಕೊಡುವುದು ದೊಡ್ಡನೆಕ್ಕುಂದಿಯ ಇತಿಹಾಸದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಅಜ್ಜಿ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನಿಂಗೆ ಈ ಬಟ್ಲು ಬೇಕೇನವ್ವ?”

ಹೌದು ಎಂದೆ. ಬೇರೇನು ಹೇಳಲಿ.

“ಕೊಡಕ್ಕಾಗಕ್ಕಿಲ್ಲ ಕಣವ್ವ ಡಾಕ್ಟ್ರಮ್ಮ. ಬೆಳಿಗ್ಗೆ ಎದ್ರೆ ನಂಗೆ ಏನೂ ಸರ್ಯಾಗಿ ಕಾಣಾಕಿಲ್ಲ. ಈ ನೀಲಿ ಒಂದು ಕಾಣ್ತದೆ. ಅಲ್ಲು ಎಲ್ಲಯ್ತೆ ಅಂತ ಗೊತ್ತಾಯ್ತದೆ.”

ಬೆಳ್ಳಿಯ ಮಾತು ಅಲ್ಲಿಗೇ ಬಿಟ್ಟೆ. ಆದರೆ ಒಂದು ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದೆ. ತಕ್ಕೋ ಎಂದರು. ಹಲ್ಲು ಕಾಣದ ಹಾಗೆ ತೆಗೆದು ಗುಂಪಿಗೆ ಹಾಕಿದೆ. ನನ್ನದಲ್ಲ, ನೋಡಲು ಸಿಕ್ಕಿತು ಎಂದಷ್ಟೇ ಬರೆದೆ. ಗುಂಪಿನವರು ಸಾಲುಸಾಲಾಗಿ ಕೈ ಮುಗಿದರು. ಗಡ್ಡದ ಯಜಮಾನರು ಮಾತ್ರ ಇಂಟರೆಸ್ಟಿಂಗ್ ಅನ್ನಲಿಲ್ಲ. “ಯಾರದು?” ಎಂದು ಖಾಸಗಿಯಾಗಿ ಕೇಳಿದರು. ಅಸಲಿ ವಸ್ತು ಕಂಡರೆ ಅವರು ಏನೆನ್ನುತ್ತಾರೆ ಎಂಬುದು ಆಗ ನನಗೆ ತಿಳಿಯಿತು. ನಾನು ಹೇಳಲಿಲ್ಲ.

ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಫೋಟೋದ ಮೂಲೆಯಲ್ಲಿ ನನ್ನ ಟ್ರೇ, ಇಕ್ಕಳ, ಹತ್ತಿ ಎಲ್ಲ ಬಂದಿದ್ದವು. ದೊಡ್ಡ ಕಂಪನಿ ನಡೆಸಿದವರಿಗೆ ಇಷ್ಟು ಸಾಕು. ಎರಡು ದಿನ ಬಿಟ್ಟು ಅವರು ದವಡೆ ಹಲ್ಲು ನೋವೆಂದು ನನ್ನ ಕ್ಲಿನಿಕ್ಕಿಗೇ ಬಂದರು. ಪರೀಕ್ಷಿಸಿದರೆ ಹಲ್ಲು ಕಲ್ಲಿನಂತಿತ್ತು. ಆದರೂ ನೋವು ಹೋಗಿಲ್ಲ ಎಂದು ಮತ್ತೆ ಮತ್ತೆ ಬಂದು ಹೊರಗಿನ ಬೆಂಚಿನ ಮೇಲೆ ಕೂರತೊಡಗಿದರು. ಕೊನೆಗೊಂದು ದಿನ ಅಜ್ಜಿ ಒಳಗೆ ನನ್ನ ಕುರ್ಚಿಯಲ್ಲಿದ್ದಾಗ ಹೊರಗೆ ಬೆಂಚಿನ ಮೇಲೆ ಅಜ್ಜಿಯ ಮಗನೂ ಗಡ್ಡದ ಯಜಮಾನರೂ ಪಕ್ಕಪಕ್ಕದಲ್ಲಿ ಕೂತರು. ಆಮೇಲೆ ಅವರ ನೋವು ವಾಸಿಯಾಯಿತು.

ಮಗ ಮಾರಲಿಲ್ಲ. ಅದು ಯಜಮಾನರ ಲೆಕ್ಕಾಚಾರಕ್ಕೆ ಬಂದಿರಲಿಲ್ಲ. ಇಷ್ಟು ದೊಡ್ಡ ಮನುಷ್ಯ ತಮ್ಮ ಮನೆಯ ಬಟ್ಟಲು ಕೇಳಿಕೊಂಡು ಬರುತ್ತಾನೆ ಅಂದರೆ ಅದು ಮನೆಯಲ್ಲೇ ಇರಬೇಕು, ನಾಲ್ಕು ಜನ ಬಂದು ನೋಡಬೇಕು ಎಂದು ಮಗನಿಗೆ ಹೊಳೆಯಿತು. ನನಗೆ ಫೋನ್ ಮಾಡಿ ಬೇಸರದಿಂದ ಹೇಳಿದರು.

“ಮೇಡಂ, ನೀವು ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ? ನಮ್ಮಮ್ಮ ಅದ್ರಲ್ಲಿ ಹಲ್ಲು ಹಾಕ್ತಾ ಇದಾರೆ, ಮರ್ಯಾದೆ ಪ್ರಶ್ನೆ ಅಲ್ವಾ?”

ಅವರ ಮನೆಯ ಹಾಲಿನಲ್ಲಿ, ದೊಡ್ಡ ಟೀವಿಯ ಪಕ್ಕ, ಗಾಜಿನ ಪೆಟ್ಟಿಗೆಯೊಂದು ಎದ್ದಿತು. ಒಳಗೆ ಕೆಂಪು ವೆಲ್ವೆಟ್ಟು, ಸುತ್ತ ಬಣ್ಣ ಬದಲಾಯಿಸುವ ಎಲ್‌ಇಡಿ ದೀಪ. ನೀಲಿ ಬಟ್ಟಲು ಒಮ್ಮೆ ಹಸಿರಾಗಿ, ಒಮ್ಮೆ ನೇರಳೆಯಾಗಿ ಕಾಣುತ್ತಿತ್ತು. ಅಜ್ಜಿಯ ಕೋಣೆಗೆ, ಮಗ ನನ್ನಿಂದ ಕೇಳಿ ಒಯ್ದ ಗುಲಾಬಿ ಪ್ಲಾಸ್ಟಿಕ್ ಡಬ್ಬಿ ಹೋಯಿತು. ಒಂದು ಭಾನುವಾರ ಅನಾವರಣ ಸಮಾರಂಭವೆಂದು ಆಹ್ವಾನ ಬಂತು. ಗೇಟಿನಲ್ಲಿ ಆಳೆತ್ತರದ ಫ್ಲೆಕ್ಸು. ಒಂದು ಕಡೆ ಮಗನ ಭಾವಚಿತ್ರ, ಇನ್ನೊಂದು ಕಡೆ ಸ್ಥಳೀಯ ಮುಖಂಡರದು, ನಡುವೆ “ಐತಿಹಾಸಿಕ ಚೀನಾ ಬಟ್ಟಲು”. ಫ್ಲೆಕ್ಸ್ ಮಾಡಿದವರಿಗೆ ಪ್ಲಮ್ ಹೂವಿನ ಚಿತ್ರ ಸಿಗದೆ ಗುಲಾಬಿ ಹಾಕಿದ್ದರು. ನನ್ನ ಜೊತೆ ಬಂದಿದ್ದ ಗಂಡ ಅದನ್ನು ಓದಿ, ಇಷ್ಟು ಮರ್ಯಾದೆ ನಮ್ಮ ಮನೆಯ ಭರಣಿಗಳಿಗೆ ಯಾಕೆ ಸಿಗಲಿಲ್ಲವೋ ಎಂದು ಮೆಲ್ಲಗೆ ವಿಷಾದಪಟ್ಟರು.

ಪಿಜಿಯ ಹುಡುಗರನ್ನೂ ಊಟದ ಆಸೆ ತೋರಿಸಿ ಕರೆದಿದ್ದರು. ಅಜ್ಜಿಗೆ ರೇಷ್ಮೆ ಸೀರೆ ಉಡಿಸಿ, ಶಾಲು ಹೊದಿಸಿ, ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದ್ದರು. ಬಾಯಲ್ಲಿ ಹಲ್ಲಿತ್ತು. ಮುಖಂಡರು ರಿಬ್ಬನ್ ಕತ್ತರಿಸಿ, ನಮ್ಮ ವಾರ್ಡಿಗೆ ಇಂಥ ಬಟ್ಟಲು ಬಂದಿರುವುದು ಹೆಮ್ಮೆ ಎಂದರು. ಬಟ್ಟಲು ತಮ್ಮ ಅವಧಿಯಲ್ಲೇ ಬಂದದ್ದೆಂಬ ಧ್ವನಿ ಅದರಲ್ಲಿತ್ತು. ಆಮೇಲೆ ಗಡ್ಡದ ಯಜಮಾನರು ಮೈಕು ಹಿಡಿದರು. ಕೊಳ್ಳಲಾಗದಿದ್ದರೆ ಮಾತಾದರೂ ಆಡುತ್ತೇನೆಂದು ಅವರೇ ಒಪ್ಪಿಕೊಂಡಿದ್ದರು. ಹಿಮ, ಬರಿಯ ಕೊಂಬೆ, ಪಂಡಿತರ ಏಕಾಂತ, ಚಳಿಗಾಲದ ಮೂವರು ಗೆಳೆಯರಾದ ಪೈನ್, ಬಿದಿರು, ಪ್ಲಮ್ ಎಲ್ಲವೂ ಬಂದವು. ಅಡುಗೆಮನೆಯಿಂದ ಬಿರಿಯಾನಿಯ ಘಮ ಬರುತ್ತಿದ್ದುದರಿಂದ ಜನ ತುಂಬ ತಾಳ್ಮೆಯಿಂದ ಕೇಳಿದರು.

ಭಾಷಣ ಮುಗಿಯುವ ಹಾಗೆ ಕಾಣಲಿಲ್ಲ. ಅಜ್ಜಿ ಕೆನ್ನೆ ಒತ್ತಿಕೊಳ್ಳುತ್ತಿದ್ದುದು ನನಗೆ ಕಂಡಿತು. ಒಸಡು ಮತ್ತೆ ನೋಯುತ್ತಿತ್ತು. ಅವರು ನಿಧಾನವಾಗಿ ಎದ್ದರು. ಬಚ್ಚಲಿಗೆ ಹೊರಟರೇನೋ ಎಂದು ಎಲ್ಲರೂ ಕಾಲು ಮಡಚಿ ದಾರಿ ಬಿಟ್ಟರು. ಅಜ್ಜಿ ನೇರ ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ, ಗಾಜು ಪಕ್ಕಕ್ಕೆ ಸರಿಸಿ, ಬಟ್ಟಲಿನ ಮುಚ್ಚಳ ತೆಗೆದರು. ಮುಖಂಡರ ಮುಂದೆ ಇಟ್ಟಿದ್ದ ನೀರಿನ ಬಾಟಲಿಯನ್ನು ಎತ್ತಿಕೊಂಡು ಬಟ್ಟಲಿಗೆ ಬಗ್ಗಿಸಿದರು. ಮೇಲಿನ ಸೆಟ್ಟು ತೆಗೆದು ಹಾಕಿದರು. ಕೆಳಗಿನದನ್ನೂ ಹಾಕಿದರು. ಮುಚ್ಚಳ ಮುಚ್ಚಿ, ಧೂಳು ಕೂರದಿರಲೆಂದು ಗಾಜನ್ನೂ ಎಳೆದು, ಬಂದು ತಮ್ಮ ಜಾಗದಲ್ಲಿ ಕೂತರು.

“ಈ ಪಾತ್ರೆ ನೂರು ವರ್ಷ ತನ್ನೊಳಗೆ ಏನೇನನ್ನು ಕಾಪಾಡಿದೆಯೋ ಯಾರು ಬಲ್ಲರು” ಎಂಬ ವಾಕ್ಯದ ನಡುವೆ ಯಜಮಾನರು ನಿಂತುಹೋದರು. ಮುಖಂಡರು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಎಲ್ಲರೂ ತಟ್ಟಲೇಬೇಕಾಯಿತು. ಎಲ್‌ಇಡಿ ದೀಪ ಹಸಿರಿನಿಂದ ನೇರಳೆಗೆ ತಿರುಗಿತು.

ಮಗ ಓಡಿಬಂದು ಅಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅಜ್ಜಿ ಪಿಸುಗುಟ್ಟಲಿಲ್ಲ. ಹಲ್ಲಿಲ್ಲದ ಬಾಯಿಂದಲೂ ಮಾತು ಹಾಲಿನ ಕೊನೆಯವರೆಗೆ ಕೇಳಿತು.

“ನನ್ ಬಟ್ಲು ನನ್ ಕ್ವಾಣೆಗೆ ತಂದು ಮಡಗಪ್ಪ. ನಿಂಗೆ ಗಾಜಿನ್ ಪೆಟ್ಗೆ ಬೇಕಾದ್ರೆ ಇನ್ನೇನಾರ ಇಟ್ಕೋ.”

ಅಷ್ಟು ಜನರ ಮುಂದೆ ತಾಯಿಗೆ ಎದುರು ಹೇಳುವುದು ಫ್ಲೆಕ್ಸಿನಲ್ಲಿ ಮುಖ ಹಾಕಿಸಿಕೊಂಡವರಿಗೆ ಕಷ್ಟ. ಊಟ ಮುಗಿಯುವಷ್ಟರಲ್ಲಿ ಬಟ್ಟಲು ಅಜ್ಜಿಯ ಕೋಣೆ ಸೇರಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಈಗ ವೈಫೈ ರೌಟರ್ ಇದೆ. ದೀಪ ಹಾಗೇ ಬದಲಾಗುತ್ತಿರುತ್ತದೆ.

ಗಡ್ಡದ ಯಜಮಾನರು ಸುಮ್ಮನಾಗಲಿಲ್ಲ. ಡಾಕ್ಟರಾಗಿ ನೀವು ಹೇಳಿದರೆ ಅವರು ಕೇಳುತ್ತಾರೆ, ಪಾರಂಪರಿಕ ವಸ್ತುವೊಂದು ಹೀಗೆ ಎಂಜಲಾಗುವುದನ್ನು ನೋಡಿಕೊಂಡಿರುವುದು ಸಂಗ್ರಾಹಕರ ಧರ್ಮವಲ್ಲ ಎಂದು ನನಗೆ ಉದ್ದುದ್ದ ಸಂದೇಶ ಕಳಿಸಿದರು. ಕಟ್ಟಿಸಿದ ಹಲ್ಲಿಗೆ ನೀರೇ ಬೇಕು, ಬಟ್ಟಲಿಗೆ ನೀರಿನಿಂದ ಏನೂ ಆಗುವುದಿಲ್ಲ ಎಂದು ಉತ್ತರಿಸಿದೆ. ತಿಂಗಳ ಸಭೆಗೆ ಕರೆ ಬರುವುದು ನಿಂತಿತು. ನನಗೂ ಬೇಸರವಾಗಲಿಲ್ಲ. ಸತ್ಯ ಹೇಳಬೇಕೆಂದರೆ ಸ್ವಲ್ಪ ಆಯಿತು.

ಮುಂದಿನ ಸಲ ಅಜ್ಜಿ ಬಂದಾಗ ನಾನು ಬಟ್ಟಲಿನ ಸುದ್ದಿ ಎತ್ತಲಿಲ್ಲ. ಒಸಡು ನೋಡಿದೆ, ಒತ್ತುತ್ತಿದ್ದ ಜಾಗ ಉಜ್ಜಿದೆ, ಬಾಯಿ ಮುಕ್ಕಳಿಸಲು ಹೇಳಿದೆ. ಅವರೇ ಟವೆಲು ಸುತ್ತುತ್ತಾ ಮಾತು ತೆಗೆದರು.

“ನಾನ್ ಸತ್ಮೇಲೆ ಇದು ನಿಂಗೇಯ. ಮಗಂಗೆ ಏಳಿವ್ನಿ. ಆ ಗಡ್ಡದ್ ಸಾಯೇಬ್ರಿಗೆ ಕೊಡಾಕಿಲ್ಲ.”

ನನಗೇಕೆ ಎಂದು ಕೇಳಿದೆ.

“ಬೇಕು ಅಂತ ನನ್ನ ಕೇಳ್ದೋಳು ನೀನೊಬ್ಳೇ. ಮಿಕ್ಕೋರೆಲ್ಲ ನನ್ ಮಗನ್ನ ಕೇಳವ್ರೆ.”

ಅಂದಿನಿಂದ ನನ್ನ ಸ್ಥಿತಿ ವಿಚಿತ್ರವಾಯಿತು. ಸಂಗ್ರಾಹಕಿಯಾಗಿ ನಾನು ಒಂದನ್ನು ಕಾಯುತ್ತಿದ್ದೆ. ಡಾಕ್ಟರಾಗಿ ಅದು ಆಗಬಾರದೆಂದು ನೋಡಿಕೊಳ್ಳಬೇಕಿತ್ತು. ದೊಡ್ಡನೆಕ್ಕುಂದಿಯ ಆ ಮನೆಯ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತಿತ್ತು, ಆ ಧಸಕ್ಕು ಯಾವ ಬಗೆಯದೆಂದು ಪರಿಶೀಲಿಸುವ ಧೈರ್ಯ ಇರಲಿಲ್ಲ. ಫೋನ್ ಎತ್ತಿದರೆ ಪ್ರತಿ ಸಲವೂ ಪಿಜಿಯ ಯಾರಿಗೋ ಹಲ್ಲುನೋವು. ಗಂಡನಿಗೆ ಹೇಳಿದೆ. ಅವರು ನಗಲಿಲ್ಲ. ಅಜ್ಜಿಯ ಬಿಪಿ ಹೆಂಗೈತಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ನನಗಿಂತ ಚೆನ್ನಾಗೈತಿ ಎಂದರು.

ಹಲ್ಲು ಬಂದ ಮೇಲೆ ಅಜ್ಜಿಗೆ ಮೈ ಹತ್ತಿತ್ತು. ಕಡಲೆಕಾಯಿ, ಚಕ್ಕುಲಿ, ಮೂಳೆ ಸಮೇತ ನಾಟಿಕೋಳಿ. ಮುಖ ತುಂಬಿಕೊಂಡಿತು, ನಡಿಗೆ ಚುರುಕಾಯಿತು. ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡರು. ಈಗ ಎಲ್ಲ ಚೆನ್ನಾಗಿ ಕಾಣುತ್ತದಲ್ಲ, ಹಲ್ಲು ಬೇರೆ ಕಡೆ ಇಟ್ಟರೂ ಸಿಗುತ್ತದಲ್ಲ ಎಂದು ಒಮ್ಮೆ ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಬರಬರುತ್ತಾ ಅವರು ಕ್ಲಿನಿಕ್ಕಿಗೆ ಬರುವ ದಿನವನ್ನು ನಾನು ಎದುರುನೋಡತೊಡಗಿದೆ. ಬಂದರೆ ಮೊದಲು ಊರಿನ ಸುದ್ದಿ, ಆಮೇಲೆ ಸೊಸೆಯ ಸುದ್ದಿ, ಆಮೇಲೆ ಹಲ್ಲು. ಬಟ್ಟಲು ಟ್ರೇ ಮೇಲೆ ಇರುತ್ತಿತ್ತು. ಎಷ್ಟೋ ಸಲ ನೋಡುವುದೇ ಮರೆತುಹೋಗುತ್ತಿತ್ತು, ಅವರು ಲಿಫ್ಟು ಹತ್ತಿದ ಮೇಲೆ ನೆನಪಾಗುತ್ತಿತ್ತು.

ಹೀಗೇ ಆರೇಳು ವರ್ಷ ಕಳೆದವು. ಹೋದ ತಿಂಗಳು ಬಂದಿದ್ದರು. ತೊಂಬತ್ತರ ಹತ್ತಿರ ಇರಬೇಕು. ದವಡೆಯ ಮೂಳೆ ಸವೆದು ಸೆಟ್ಟು ಸಡಿಲವಾಗಿತ್ತು. ಇದನ್ನು ಉಜ್ಜಿ ಪ್ರಯೋಜನವಿಲ್ಲ, ಹೊಸದೇ ಮಾಡಬೇಕು ಎಂದೆ. ಅಜ್ಜಿ ಕುರ್ಚಿಯಲ್ಲಿ ಒರಗಿಕೊಂಡರು.

“ಒಸದು ಎಸ್ಟ್ ವರ್ಸ ಬತ್ತದೆ?”

ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷಕ್ಕೆ ಮೋಸವಿಲ್ಲ ಎಂದೆ.

“ಸರಿ, ಮಾಡು. ಒಸಿ ಗಟ್ಟಿಯಾಗೇ ಮಾಡು” ಎಂದು ಬಾಯಿ ತೆರೆದರು. ನಾನು ಅಳತೆ ತೆಗೆದೆ.